ಎಮ್ಮೆ ಏರಿ ಬಂದ ದನಿ!

1974. ವಿರೂಪಾಕ್ಷಿಪುರದಿಂದ ಸೋದರಮಾವನನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ತುಳಿದೆ. ಚಿತ್ರ ‘ಸಂಪತ್ತಿಗೆ ಸವಾಲ್’. ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡಿದರು ನೋಡಿ... ಚಿಲ್ಲರೆ ತೂರಿದ್ದೇ ತೂರಿದ್ದು! ಅದು ಪಿ.ಬಿ. ಶ್ರೀನಿವಾಸ್ ದನಿಯಲ್ಲ, ಸಾಕ್ಷಾತ್ ಅಣ್ಣಾವ್ರದೇ.

ಗುಬ್ಬಿ ಕಂಪೆನಿಯಲ್ಲಿ ಪಳಗಿದ ಗಂಟಲು ಸ್ವಾಮಿ ಅದು. ಆದರೂ ‘ಬೇಡರ ಕಣ್ಣಪ್ಪ’ದಿಂದ ಇಪ್ಪತ್ತು ವರ್ಷ, ಅಲ್ಲೊಂದು ಇಲ್ಲೊಂದು ಹಾಡು ಬಿಟ್ಟರೆ, ತುಟಿ ಅವರದು, ದನಿ ಬೇರೆಯವರದು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಆ ಬೀಗ ಕಳಚಿತು. ಮುಂದೆ ‘ಜೀವನ ಚೈತ್ರ’ದ ಗಾಯನಕ್ಕೆ 1992ರ ರಾಷ್ಟ್ರಪ್ರಶಸ್ತಿಯೂ ಸಂದಿತು.

ನಾನು ದಾರಿಯುದ್ದಕ್ಕೂ ಶಿಳ್ಳೆ. ಮಾವ ಮಾತ್ರ ಗಪ್‌ಚುಪ್. ಊರು ಹತ್ತಿರವಾದಾಗ ಕೇಳಿದ: “ಇನ್ಮ್ಯಾಕೆ ಶ್ರೀನಿವಾಸ್ ಹಾಡಾಕಿಲ್ವೇನ್ಲಾ?”

ನಾನು ಬೆಲ್ ಹೊಡೆದು ಸುಮ್ಮನಾದೆ. 2013ರ ಏಪ್ರಿಲ್ 14ರಂದು ಶ್ರೀನಿವಾಸ್ ತೀರಿಕೊಂಡಾಗ ಮಾವ ಇರಲಿಲ್ಲ. ಅವನ ಹಳೇ ಕ್ಯಾಸೆಟ್ ಹುಡುಕಿ ಹಾಕಿದೆ.