ಕಡೂರು, ತರೀಕೆರೆ, ಅಜ್ಜಂಪುರ: ಯಾವ ಊರಿಗೆ ಯಾವ ದಾರಿ?

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಗಿರಿಶ್ರೇಣಿ, ಬಿಡದೆ ಸುರಿಯುವ ಮಳೆ ನೆನಪಾಗುತ್ತವೆ. ಆದರೆ ಅದೇ ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಿಗೆ ಬಯಲುಸೀಮೆಯ ನಂಟೇ ಹೆಚ್ಚು. ತೆಂಗು, ಅಡಿಕೆ, ರಾಗಿ, ಈರುಳ್ಳಿ ಇಲ್ಲಿನ ಬದುಕಿನ ಆಧಾರ. ಮದುವೆ, ಜಾತ್ರೆ, ಕಚೇರಿ ಕೆಲಸ, ವರ್ಗಾವಣೆ ಎಂದು ರಾಜ್ಯದ ನಾನಾ ಕಡೆಯಿಂದ ಜನ ಈ ಊರುಗಳಿಗೆ ಬರುತ್ತಲೇ ಇರುತ್ತಾರೆ. ಹೊಸಬರಿಗೆ ಮಾತ್ರ ದಾರಿಯ ವಿಷಯದಲ್ಲಿ ಗೊಂದಲ ತಪ್ಪಿದ್ದಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಮೂರೂ ಊರುಗಳು ಭೂಪಟದಲ್ಲಿ ಅಕ್ಕಪಕ್ಕದಲ್ಲಿವೆ; ಮೂರಕ್ಕೂ ರೈಲು ನಿಲ್ದಾಣವಿದೆ. ಆದರೆ ಮೂರೂ ಒಂದೇ ಹಳಿಯ ಮೇಲಿಲ್ಲ. ಇದನ್ನು ಅರಿಯದೆ ಟಿಕೆಟ್ ಪಡೆದವರು ನಡುರಾತ್ರಿ ಬೇರೆ ನಿಲ್ದಾಣದಲ್ಲಿ ಇಳಿದು, ಬೆಳಗಿನ ಮೊದಲ ಬಸ್ಸಿಗಾಗಿ ಕಾಯಬೇಕಾಗುತ್ತದೆ.

ಬೀರೂರೇ ಕವಲು

ಈ ಭಾಗದ ರೈಲು ಸಂಚಾರವನ್ನು ಅರ್ಥ ಮಾಡಿಕೊಳ್ಳಲು ಬೀರೂರನ್ನು ನೆನಪಿಟ್ಟುಕೊಂಡರೆ ಸಾಕು. ಕಡೂರು ತಾಲ್ಲೂಕಿಗೆ ಸೇರಿದ ಬೀರೂರು, ಕಡೂರಿನಿಂದ ಕೇವಲ ಆರೇಳು ಕಿ.ಮೀ. ದೂರದಲ್ಲಿದೆ.

ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಬರುವ ಮುಖ್ಯ ಮಾರ್ಗ ಮೊದಲು ಕಡೂರನ್ನು, ನಂತರ ಬೀರೂರನ್ನು ತಲುಪುತ್ತದೆ. ಬೀರೂರಿನಲ್ಲಿ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರ, ಶಿವನಿ, ಹೊಸದುರ್ಗ ರಸ್ತೆ, ಚಿಕ್ಕಜಾಜೂರು ಮೂಲಕ ದಾವಣಗೆರೆ, ಹುಬ್ಬಳ್ಳಿಗೆ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿ ಮೂಲಕ ಶಿವಮೊಗ್ಗಕ್ಕೆ, ಅಲ್ಲಿಂದ ಮುಂದೆ ಸಾಗರ, ತಾಳಗುಪ್ಪಕ್ಕೆ ಸಾಗುತ್ತದೆ.

ಆದ್ದರಿಂದ ನಿಯಮ ಸರಳ. ಬೆಂಗಳೂರಿನಿಂದ ತರೀಕೆರೆಗೆ ಹೋಗುವವರು ಶಿವಮೊಗ್ಗ ಅಥವಾ ತಾಳಗುಪ್ಪದ ರೈಲು ಹತ್ತಬೇಕು. ಅಜ್ಜಂಪುರಕ್ಕೆ ಹೋಗುವವರು ಅರಸೀಕೆರೆ ಮಾರ್ಗವಾಗಿ ಹುಬ್ಬಳ್ಳಿ ಕಡೆಗೆ ಹೋಗುವ, ಅಜ್ಜಂಪುರದಲ್ಲಿ ನಿಲುಗಡೆ ಇರುವ ರೈಲನ್ನೇ ಆರಿಸಿಕೊಳ್ಳಬೇಕು. ಕಡೂರಿಗೆ ಹೋಗುವವರಿಗೆ ಎರಡೂ ಕಡೆಯ ರೈಲುಗಳು ಅನುಕೂಲ. ಹತ್ತಿದ ರೈಲಿಗೆ ಕಡೂರಿನಲ್ಲಿ ನಿಲುಗಡೆ ಇಲ್ಲದಿದ್ದರೆ ಬೀರೂರಿನಲ್ಲಿ ಇಳಿದು ಬಸ್ ಅಥವಾ ಆಟೊ ಹಿಡಿಯಬಹುದು.

ವಿಪರ್ಯಾಸವೆಂದರೆ, ನೆರೆಹೊರೆಯ ತರೀಕೆರೆ ಮತ್ತು ಅಜ್ಜಂಪುರದ ನಡುವೆ ನೇರ ರೈಲು ಸಂಪರ್ಕವಿಲ್ಲ. ರೈಲಿನಲ್ಲೇ ಹೋಗುವೆನೆಂದರೆ ಬೀರೂರಿಗೆ ಬಂದು ಗಾಡಿ ಬದಲಾಯಿಸಬೇಕು. ರಸ್ತೆಯಲ್ಲಾದರೆ ಇಪ್ಪತ್ತು ಕಿ.ಮೀ. ಆಸುಪಾಸಿನ ಹಾದಿ. ಇಲ್ಲಿ ಬಸ್ಸೇ ಸೂಕ್ತ.

ಹಳೆಯ ಹಳಿ, ಹೊಸ ಹಳಿ

ಮೈಸೂರು ಸಂಸ್ಥಾನದ ಕಾಲದಲ್ಲಿ, 1880ರ ದಶಕದಲ್ಲಿ, ಬೆಂಗಳೂರು–ಹರಿಹರ ಮಾರ್ಗ ನಿರ್ಮಾಣಗೊಂಡಾಗಲೇ ಕಡೂರು, ಅಜ್ಜಂಪುರಗಳಿಗೆ ರೈಲು ಬಂದಿತ್ತು. ಬೀರೂರು–ಶಿವಮೊಗ್ಗ ಶಾಖಾ ಮಾರ್ಗ 1899ರಲ್ಲಿ ಆರಂಭವಾಯಿತು. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿದಾದ ಹಳಿಯ ಪುಟ್ಟ ರೈಲು ಸಹ ಓಡುತ್ತಿತ್ತು. ಅದು ಈಗ ಇತಿಹಾಸ. ಮೀಟರ್‌ಗೇಜ್ ಹಳಿಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್‌ಗೆ ಬದಲಾದವು.

ಆದರೆ ಜಿಲ್ಲಾ ಕೇಂದ್ರ ಚಿಕ್ಕಮಗಳೂರು ರೈಲು ಕಂಡದ್ದು 2013ರ ನವೆಂಬರ್‌ನಲ್ಲಿ. ಸಖರಾಯಪಟ್ಟಣದ ಮೂಲಕ ಹಾದುಹೋಗುವ ಕಡೂರು–ಚಿಕ್ಕಮಗಳೂರು ಮಾರ್ಗ ಅಂದು ಸಂಚಾರಕ್ಕೆ ಮುಕ್ತವಾಯಿತು. ಅಲ್ಲಿಯವರೆಗೆ ಸಾಮಾನ್ಯ ನಿಲ್ದಾಣವಾಗಿದ್ದ ಕಡೂರು ಅಂದಿನಿಂದ ಜಂಕ್ಷನ್ ಆಯಿತು. ಹೀಗೆ ಆರೇಳು ಕಿ.ಮೀ. ಅಂತರದಲ್ಲಿ ಎರಡು ಜಂಕ್ಷನ್‌ಗಳು: ಶಿವಮೊಗ್ಗಕ್ಕೆ ಬೀರೂರು, ಚಿಕ್ಕಮಗಳೂರಿಗೆ ಕಡೂರು.

ವೇಗದ ರೈಲೆಲ್ಲವೂ ಈ ಊರುಗಳಲ್ಲಿ ನಿಲ್ಲುತ್ತದೆ ಎಂದು ಭಾವಿಸಬಾರದು. ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು 2023ರ ಜೂನ್‌ನಲ್ಲಿ ಆರಂಭವಾದಾಗ ಕಡೂರು, ಬೀರೂರು ಎರಡಕ್ಕೂ ನಿಲುಗಡೆ ದೊರೆಯಲಿಲ್ಲ. ಅಜ್ಜಂಪುರದಲ್ಲಂತೂ ನಿಲ್ಲುವ ಎಕ್ಸ್‌ಪ್ರೆಸ್ ರೈಲುಗಳು ಕಡಿಮೆ. ನಿಲುಗಡೆಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟ್ ಪಡೆಯಲು 2025ರ ಜುಲೈನಿಂದ ಆಧಾರ್ ದೃಢೀಕರಣ ಕಡ್ಡಾಯ. ದಸರಾ, ದೀಪಾವಳಿ ಸಮಯದಲ್ಲಿ ಊರಿಗೆ ಹೊರಡುವವರು ಇದನ್ನು ಗಮನದಲ್ಲಿಡಬೇಕು.

ಬಿ.ಎಚ್. ರಸ್ತೆಯ ಬಸ್ಸುಗಳು

ಬೆಂಗಳೂರು–ಹೊನ್ನಾವರ ರಸ್ತೆಯನ್ನು ದಾರಿಯುದ್ದದ ಊರುಗಳಲ್ಲಿ ಜನ ಇಂದಿಗೂ ಬಿ.ಎಚ್. ರಸ್ತೆ ಎಂದೇ ಕರೆಯುತ್ತಾರೆ. ತುಮಕೂರಿನಿಂದ ಮುಂದಕ್ಕೆ ಇದು ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು. ಹೆದ್ದಾರಿಗಳ ಮರುಸಂಖ್ಯೀಕರಣದ ಬಳಿಕ ತುಮಕೂರಿನಿಂದ ಬಾಣಾವರದವರೆಗೆ 73, ಬಾಣಾವರದಿಂದ ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗ ಕಡೆಗೆ 69 ಎಂದಾಗಿದೆ.

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಿಂದ ಶಿವಮೊಗ್ಗಕ್ಕೆ ಹೊರಡುವ ಬಸ್ಸುಗಳು ಸಾಮಾನ್ಯವಾಗಿ ಈ ಮಾರ್ಗದಲ್ಲೇ ಸಂಚರಿಸುತ್ತವೆ. ಕಡೂರಿಗೆ ಸುಮಾರು 210 ಕಿ.ಮೀ. ಬಸ್ಸಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ ಹಿಡಿದರೆ, ವೇಗದ ರೈಲು ಮೂರು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಆದರೆ ಚಿತ್ರದುರ್ಗ ಮಾರ್ಗವಾಗಿ ದಾವಣಗೆರೆ, ಹುಬ್ಬಳ್ಳಿಗೆ ಹೋಗುವ ಬಸ್ಸುಗಳು ಈ ಮೂರು ಊರುಗಳ ಪೈಕಿ ಯಾವುದನ್ನೂ ಮುಟ್ಟುವುದಿಲ್ಲ. ರೈಲು ಹುಬ್ಬಳ್ಳಿಯದಾದರೆ ಅಜ್ಜಂಪುರಕ್ಕೆ ಸರಿ. ಬಸ್ಸು ಹುಬ್ಬಳ್ಳಿಯದಾದರೆ ತಪ್ಪು. ಈ ವ್ಯತ್ಯಾಸ ಮರೆಯಬಾರದು.

ಮಂಗಳೂರು ಕಡೆಯವರು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರು ಮೂಲಕ ಕಡೂರಿಗೆ ಬರಬಹುದು. ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು 40 ಕಿ.ಮೀ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿರ್ಬಂಧ ಜಾರಿಯಾಗುವುದುಂಟು. ಸ್ಥಿತಿಗತಿ ವಿಚಾರಿಸಿ ಹೊರಡಬೇಕು. ಮೈಸೂರಿನವರಿಗೆ ಹಾಸನ, ಅರಸೀಕೆರೆ ಮಾರ್ಗದ ರೈಲು ಅನುಕೂಲ. ಚಿತ್ರದುರ್ಗದವರಿಗೆ ಹೊಸದುರ್ಗದ ಮೂಲಕ, ದಾವಣಗೆರೆಯವರಿಗೆ ಚನ್ನಗಿರಿಯ ಮೂಲಕ ಅಜ್ಜಂಪುರಕ್ಕೆ ರಸ್ತೆ ಇದೆ.

ರಾಜ್ಯ ಸರ್ಕಾರದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಬಳಿಕ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ವಿಳಾಸವುಳ್ಳ ಗುರುತಿನ ಚೀಟಿ ಜೊತೆಗಿರಬೇಕು. ಐಷಾರಾಮಿ ಬಸ್ಸುಗಳಿಗೂ ಖಾಸಗಿ ಬಸ್ಸುಗಳಿಗೂ ಈ ಸೌಲಭ್ಯ ಅನ್ವಯಿಸುವುದಿಲ್ಲ. ಮಲೆನಾಡಿನ ಒಳನಾಡುಗಳಿಗೆ ಬಸ್ ಓಡಿಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ಸ್ಥಗಿತಗೊಂಡಿತು. ಕಾರ್ಮಿಕರೇ ಕಟ್ಟಿ ನಡೆಸಿದ್ದ ಆ ಸಂಸ್ಥೆಯ ಬಸ್ಸುಗಳನ್ನು ನೆಚ್ಚಿಕೊಂಡವರು ಈಗ ಬೇರೆ ಬಸ್ಸುಗಳನ್ನು ವಿಚಾರಿಸಬೇಕು.

ವಿಮಾನದಲ್ಲಿ ಬರುವವರಿಗೆ

ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿಯಿತು. ತರೀಕೆರೆಗೆ ಇದೇ ಹತ್ತಿರದ ವಿಮಾನ ನಿಲ್ದಾಣ. ಕಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ದೂರದ ನಗರಗಳಿಂದ ಬರುವವರಿಗೆ ಇದು ಉಪಯುಕ್ತ. ಬೆಂಗಳೂರಿನವರಿಗಾದರೆ ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿದರೆ ರೈಲೇ ಲಾಭ.

ಸ್ಥಳೀಯರ ಪಾಡು

ಪರ ಊರಿನವರಿಗೆ ಈ ದಾರಿ ವರ್ಷಕ್ಕೊಮ್ಮೆಯ ಪ್ರಶ್ನೆ. ಇಲ್ಲಿನವರಿಗೆ ವಾರವಾರದ ಪ್ರಶ್ನೆ. ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರವನ್ನು ಪ್ರತ್ಯೇಕ ತಾಲ್ಲೂಕು ಮಾಡುವುದಾಗಿ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ತಹಶೀಲ್ದಾರರ ಕಚೇರಿ ಊರಿಗೇ ಬಂದಿತು. ಆದರೆ ಉಪವಿಭಾಗಾಧಿಕಾರಿ ಕಚೇರಿ ಇರುವುದು ತರೀಕೆರೆಯಲ್ಲಿ. ಜಿಲ್ಲಾಧಿಕಾರಿ ಕಚೇರಿ ಅರವತ್ತು ಕಿ.ಮೀ.ಗೂ ಹೆಚ್ಚು ದೂರದ ಚಿಕ್ಕಮಗಳೂರಿನಲ್ಲಿ. ಜಮೀನಿನ ತಕರಾರು ಅರ್ಜಿ ಹಿಡಿದ ರೈತ ಬೀರೂರು, ಕಡೂರುಗಳನ್ನು ದಾಟಿ ಜಿಲ್ಲಾ ಕೇಂದ್ರ ತಲುಪುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಸಂಜೆಯ ಕೊನೆಯ ಬಸ್ ತಪ್ಪಿದರೆ ಆಟೊ ಬಾಡಿಗೆಗೆ ದಿನಗೂಲಿಯಷ್ಟೇ ಹಣ ತೆರಬೇಕು.

ಹಳಿ ಊರಿನ ಮೇಲೆ ಹಾದುಹೋದ ಮಾತ್ರಕ್ಕೆ ರೈಲು ಊರಿಗೆ ದಕ್ಕುವುದಿಲ್ಲ. ಅದು ಅಲ್ಲಿ ನಿಲ್ಲಬೇಕು, ಇಳಿದವರಿಗೆ ಮುಂದಿನ ಬಸ್ಸು ಸಿಗಬೇಕು. ಚಿಕ್ಕಮಗಳೂರಿನಿಂದ ಬೇಲೂರು ಮೂಲಕ ಹಾಸನಕ್ಕೆ ಹೊಸ ಮಾರ್ಗದ ಕಾಮಗಾರಿ ಪ್ರಗತಿಯಲ್ಲಿದೆ. ಅದು ಪೂರ್ಣಗೊಂಡರೆ ಕಡೂರಿನ ಮಹತ್ವ ಇನ್ನಷ್ಟು ಹೆಚ್ಚಲಿದೆ. ಆದರೆ ಅಜ್ಜಂಪುರದ ಪ್ರಯಾಣಿಕನಿಗೆ ಬೇಕಿರುವುದು ಹೊಸ ಹಳಿಯಲ್ಲ. ಬೀರೂರಿಗೆ ರೈಲು ಬರುವ ಹೊತ್ತಿಗೆ ಹೊಂದುವಂತೆ ತರೀಕೆರೆ, ಅಜ್ಜಂಪುರಗಳ ಕಡೆಗೆ ಬಸ್ಸುಗಳ ವೇಳೆ ನಿಗದಿಯಾದರೆ ಅವನ ಬವಣೆ ಬಹುಮಟ್ಟಿಗೆ ನೀಗುತ್ತದೆ. ಅಲ್ಲಿಯವರೆಗೆ, ಈ ಭಾಗಕ್ಕೆ ಹೊರಡುವ ಯಾರೇ ಆಗಲಿ ಬೀರೂರಿನಿಂದ ಮುಂದಿನ ಬಸ್ಸಿನ ವೇಳೆಯನ್ನು ತಿಳಿದುಕೊಂಡೇ ರೈಲಿನ ಟಿಕೆಟ್ ಕಾಯ್ದಿರಿಸುವುದು ಲೇಸು.