ಕಡತಗಳ ಕಟ್ಟು: ಅದರ ಒಳರಚನೆಯ ವಿಚಾರ

'ಕಡತ' ಎಂಬ ಮಾತು ಕನ್ನಡಿಗರಿಗೆ ಹೊಸತಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕವನ್ನು ಬರೆದಿಡುತ್ತಿದ್ದ ಪುಸ್ತಕಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಅದೇ ಮಾತನ್ನು ನಾವು ಇಂದು ಗಣಕಯಂತ್ರದ 'ಫೈಲಿ'ಗೂ ಬಳಸುತ್ತಿದ್ದೇವೆ. ಹಳೆಯ ಕಡತವನ್ನು ಗೆದ್ದಲಿನಿಂದ ಕಾಪಾಡುವುದು ಹೇಗೆಂಬುದು ಅಂದಿನವರ ಚಿಂತೆಯಾಗಿತ್ತು. ನೂರಾರು ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಬೇಕಾದಾಗ ಬೇಕಾದುದನ್ನು ಕ್ಷೇಮವಾಗಿ ಹೊರತೆಗೆಯುವುದು ಹೇಗೆಂಬುದು ಇಂದಿನವರ ಚಿಂತೆಯಾಗಿದೆ.

ಈ ವಿಚಾರ ಕೇವಲ ಗಣಕ ತಜ್ಞರಿಗೆ ಸಂಬಂಧಿಸಿದ್ದಲ್ಲ. ವೃದ್ಧ ತಂದೆತಾಯಿಗಳು ಧಾರವಾಡದಲ್ಲಿ, ಮಗ ಪುಣೆಯಲ್ಲಿ, ಮಗಳು ದೆಹಲಿಯಲ್ಲಿ ಇರುವ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ತಂದೆಯವರ ಹತ್ತು ವರ್ಷಗಳ ರಕ್ತಪರೀಕ್ಷೆಯ ವರದಿಗಳು, ಹೃದಯದ ಇ.ಸಿ.ಜಿ. ಚಿತ್ರಗಳು, ಔಷಧದ ಚೀಟಿಗಳು ಎಲ್ಲವನ್ನೂ ಒಂದು ಕಟ್ಟಾಗಿ ಮಾಡಿ ಮಗ ಇಟ್ಟುಕೊಂಡಿದ್ದಾನೆ. ನಡುರಾತ್ರಿ ಎದೆನೋವು ಕಾಣಿಸಿಕೊಂಡಾಗ ವೈದ್ಯರು ಹಿಂದಿನ ಇ.ಸಿ.ಜಿ.ಯನ್ನು ಕೇಳುತ್ತಾರೆ, ಹೊಸ ಚಿತ್ರವನ್ನು ಹಳೆಯದರೊಡನೆ ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದು. ಆ ಗಳಿಗೆಯಲ್ಲಿ ಕಟ್ಟು ಬಿಚ್ಚದೆ ಹೋದರೆ? ಬಿಚ್ಚಿದರೂ ಒಳಗಿನ ಕಡತ ಕೆಟ್ಟಿದ್ದರೆ? ಈ ಪ್ರಶ್ನೆಗಳಿಗೆ ಉತ್ತರವು ಆ ಕಟ್ಟಿನ ಒಳರಚನೆಯಲ್ಲಿ ಅಡಗಿದೆ.

ಕಟ್ಟಿನಲ್ಲಿ ಏನೇನಿರಬೇಕು?

ಗಣಕದ ದೃಷ್ಟಿಯಲ್ಲಿ ಕಡತವೆಂದರೆ ಬೈಟುಗಳ ಒಂದು ಸಾಲು. ಬೈಟೆಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಹತ್ತು ಕಡತಗಳ ಬೈಟುಗಳನ್ನು ಒಂದರ ಹಿಂದೊಂದು ಬರೆದುಬಿಟ್ಟರೆ ಕಟ್ಟು ಆದಂತಾಗುವುದಿಲ್ಲ. ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುವ ಬಗೆಯೇ ಇರುವುದಿಲ್ಲ. ಆದುದರಿಂದ ಪ್ರತಿಯೊಂದು ಕಡತಕ್ಕೂ ಅದರ ಹೆಸರು, ಅಳತೆ, ಬದಲಾಯಿಸಿದ ದಿನಾಂಕ, ಕುಗ್ಗಿಸಿದ್ದರೆ ಕುಗ್ಗಿಸಿದ ವಿಧಾನ, ಕೆಟ್ಟಿದೆಯೇ ಇಲ್ಲವೇ ಎಂದು ನೋಡುವ ಗುರುತು, ಇವಿಷ್ಟನ್ನಾದರೂ ಬರೆದಿಡಬೇಕು. ಇವನ್ನು ಎಲ್ಲಿ, ಯಾವ ಕ್ರಮದಲ್ಲಿ, ಎಷ್ಟು ಅಗಲದ ಅಂಕಣದಲ್ಲಿ ಬರೆಯಬೇಕೆಂಬ ನಿರ್ಣಯಕ್ಕೇ ದತ್ತರಚನೆಯ ವಿನ್ಯಾಸವೆಂದು ಹೆಸರು. ಇದರಲ್ಲಿ ಎರಡು ಪ್ರಸಿದ್ಧ ಸಂಪ್ರದಾಯಗಳಿವೆ.

ಮೊದಲನೆಯದು: ಸಾಲು ಕ್ರಮ

1979ರಲ್ಲಿ ಹೊರಬಂದ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ 'ಟಾರ್' ಎಂಬ ಉಪಕರಣ ಕಾಣಿಸಿಕೊಂಡಿತು. ಕಾಂತೀಯ ಟೇಪಿನ ಸುರುಳಿಗಳಲ್ಲಿ ಕಡತಗಳನ್ನು ಕಾಪಿಡುವುದಕ್ಕೆ ಹುಟ್ಟಿದ ಉಪಕರಣವದು. ಟೇಪು ಮುಂದೆ ಸಾಗುವ ವಸ್ತು. ಬೇಕೆಂದಾಗ ನಡುವಿಗೆ ಹಾರಲು ಬಾರದು. ಅದಕ್ಕೆ ತಕ್ಕಂತೆ ಟಾರ್ ರಚನೆಯೂ ಸರಳವಾಗಿದೆ. ಪ್ರತಿ ಕಡತದ ಮುಂದೆ 512 ಬೈಟುಗಳ ಒಂದು ತಲೆಬರಹ. ಅದರಲ್ಲಿ ಹೆಸರಿಗೆ 100 ಬೈಟು, ಅಳತೆಗೆ 12 ಬೈಟು, ಕಾಲಕ್ಕೆ 12 ಬೈಟು, ಹೀಗೆ ಗೊತ್ತುಪಡಿಸಿದ ಅಂಕಣಗಳು. ತಲೆಬರಹದ ಹಿಂದೆ ಕಡತದ ಒಳಬರಹ. ಅದು 512ರ ಗುಣಕಕ್ಕೆ ಸರಿಹೋಗದಿದ್ದರೆ ಸೊನ್ನೆಗಳ ಭರ್ತಿ. ಕೊನೆಯಲ್ಲಿ ಬರಿಯ ಸೊನ್ನೆಗಳ ಎರಡು ತುಂಡುಗಳು ಬಂದರೆ ಕಟ್ಟು ಮುಗಿಯಿತೆಂದು ಅರ್ಥ.

ಈ ಕ್ರಮದ ಗುಣವೆಂದರೆ ಸರಳತೆ. ದೋಷವೆಂದರೆ ವಿಷಯಸೂಚಿ ಇಲ್ಲದಿರುವುದು. ಐನೂರನೆಯ ಕಡತ ಬೇಕೆಂದರೆ ಹಿಂದಿನ ನಾನೂರ ತೊಂಬತ್ತೊಂಬತ್ತು ತಲೆಬರಹಗಳನ್ನೂ ಓದಿ ದಾಟಬೇಕು. ಪರಿವಿಡಿಯಿಲ್ಲದ ಗ್ರಂಥದಲ್ಲಿ ಅಧ್ಯಾಯವನ್ನು ಹುಡುಕಿದಂತೆ.

ಎರಡನೆಯದು: ಸೂಚಿ ಕ್ರಮ

1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ಅವರು 'ಜಿಪ್' ರಚನೆಯನ್ನು ಹೊರತಂದರು. ಇಂದಿಗೂ ಜಿಪ್ ಕಟ್ಟಿನ ಪ್ರತಿ ತಲೆಬರಹವೂ ಅವರ ಹೆಸರಿನ ಮೊದಲಕ್ಷರಗಳಾದ 'ಪಿ', 'ಕೆ' ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತದೆ. ಇದರಲ್ಲಿ ಪ್ರತಿ ಕಡತದ ಮುಂದೆ ಒಂದು ಸಣ್ಣ ತಲೆಬರಹವಿರುವುದಲ್ಲದೆ, ಕಟ್ಟಿನ ಕೊನೆಯಲ್ಲಿ ಎಲ್ಲ ಕಡತಗಳ ಹೆಸರು, ಅಳತೆ, ಸ್ಥಾನಗಳನ್ನು ತಿಳಿಸುವ ಕೇಂದ್ರ ಸೂಚಿಯೊಂದು ಇರುತ್ತದೆ. ಅದಕ್ಕೂ ಹಿಂದೆ, 22 ಬೈಟುಗಳ ಸಮಾಪ್ತಿ ದಾಖಲೆ. ಸೂಚಿ ಎಲ್ಲಿ ಆರಂಭವಾಗುತ್ತದೆಂಬುದನ್ನು ಅದು ಹೇಳುತ್ತದೆ. ಬಿಚ್ಚುವ ಉಪಕರಣವು ಮೊದಲು ಕೊನೆಗೆ ಹೋಗಿ ಸಮಾಪ್ತಿ ದಾಖಲೆಯನ್ನು ಕಂಡು, ಅಲ್ಲಿಂದ ಸೂಚಿಗೆ ಬಂದು, ಬೇಕಾದ ಕಡತಕ್ಕೆ ನೇರವಾಗಿ ಹಾರುತ್ತದೆ.

ಸೂಚಿಯನ್ನು ಮುಂದಿಡದೆ ಹಿಂದಿಟ್ಟುದೇಕೆಂದು ಓದುಗರು ಕೇಳಬಹುದು. ಕಡತವನ್ನು ಕುಗ್ಗಿಸಿ ಬರೆದು ಮುಗಿಸುವವರೆಗೆ ಅದರ ಕುಗ್ಗಿದ ಅಳತೆ ತಿಳಿಯದು. ಅಳತೆ ತಿಳಿಯದೆ ಮುಂದಿನದರ ಸ್ಥಾನ ತಿಳಿಯದು. ಅಲ್ಲದೆ, ಹೊಸ ಕಡತವನ್ನು ಸೇರಿಸಬೇಕಾದಾಗ ಹಳೆಯ ಸೂಚಿಯ ಜಾಗದಿಂದ ಬರೆದುಕೊಂಡು ಹೋಗಿ ಕೊನೆಯಲ್ಲಿ ಹೊಸ ಸೂಚಿಯನ್ನಿಟ್ಟರಾಯಿತು. ಇಡೀ ಕಟ್ಟನ್ನು ಮತ್ತೆ ಕಟ್ಟಬೇಕಾಗಿಲ್ಲ.

ಇನ್ನೊಂದು ಲಾಭವೂ ಉಂಟು. ವಿವರಗಳು ಎರಡು ಕಡೆ ಇರುವುದರಿಂದ, ಕಟ್ಟಿನ ಬಾಲ ತುಂಡಾಗಿ ಸೂಚಿ ನಾಶವಾದರೂ, ದುರಸ್ತಿ ಉಪಕರಣವು 'ಪಿ', 'ಕೆ' ಗುರುತುಗಳನ್ನು ಹುಡುಕಿಕೊಂಡು ಒಂದೊಂದೇ ತಲೆಬರಹವನ್ನು ಹಿಡಿದು ಬಹುಪಾಲು ಕಡತಗಳನ್ನು ಉಳಿಸಬಹುದು.

ಅಂಕಣದ ಅಗಲ

ಖಾತೆ ಪುಸ್ತಕದಲ್ಲಿ ಮೊತ್ತದ ಅಂಕಣವನ್ನು ಕಿರಿದಾಗಿ ಗೆರೆ ಹಾಕಿದರೆ ವ್ಯಾಪಾರ ಬೆಳೆದಾಗ ಅಂಕೆಗಳು ಹಿಡಿಯವು. ಗಣಕದಲ್ಲಿಯೂ ಹಾಗೆಯೇ. ಜಿಪ್ ರಚನೆಯಲ್ಲಿ ಅಳತೆಗೆ 4 ಬೈಟುಗಳನ್ನು ಮೀಸಲಿಟ್ಟಿದ್ದರಿಂದ 4 ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಯುತ್ತಿರಲಿಲ್ಲ. ಕಡತಗಳ ಸಂಖ್ಯೆಗೆ 2 ಬೈಟುಗಳಿದ್ದುದರಿಂದ 65,535ನ್ನು ಮೀರುವಂತಿರಲಿಲ್ಲ. 2001ರಲ್ಲಿ 8 ಬೈಟುಗಳ ಅಂಕಣಗಳುಳ್ಳ ವಿಸ್ತರಣೆಯನ್ನು ಸೇರಿಸಿ ಈ ಕೊರತೆಯನ್ನು ನೀಗಿಸಲಾಯಿತು. ಟಾರ್‌ನಲ್ಲಿ ಅಳತೆಯನ್ನು ಎಂಟರ ಮೂಲಮಾನದ 11 ಅಂಕೆಗಳಲ್ಲಿ ಬರೆಯುತ್ತಿದ್ದುದರಿಂದ ಅದರ ಮೇರೆ 8 ಗಿಗಾಬೈಟ್ ಆಗಿತ್ತು. ಅದಕ್ಕೂ ಮುಂದೆ ವಿಸ್ತರಣೆಗಳು ಬಂದವು.

ಕನ್ನಡಿಗರಾದ ನಮಗೆ ಹೆಸರಿನ ಅಂಕಣವು ವಿಶೇಷವಾಗಿ ಸಂಬಂಧಿಸಿದ್ದು. ಇಂದು ಬಳಕೆಯಲ್ಲಿರುವ ಯು.ಟಿ.ಎಫ್.-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿ: ಸ, ತ, ರ ಎಂಬ ಮೂರು, ನಡುವಿನ ಎರಡು ವಿರಾಮ ಚಿಹ್ನೆಗಳು, ದೀರ್ಘದ ಗುಣಿತ ಒಂದು, ಒಟ್ಟು 6 ಸಂಕೇತಗಳು, 18 ಬೈಟುಗಳು. ಟಾರ್‌ನ 100 ಬೈಟುಗಳ ಹಳೆಯ ಅಂಕಣದಲ್ಲಿ ಇಂಥ ಅಕ್ಷರಗಳು ಐದಕ್ಕಿಂತ ಹೆಚ್ಚು ಹಿಡಿಯವು. ಜಿಪ್‌ನ ಆರಂಭದ ನಿಯಮದಲ್ಲಂತೂ ಐ.ಬಿ.ಎಂ. ಗಣಕದ ಸಂಕೇತಗಳಿಗಷ್ಟೇ ಸ್ಥಾನವಿತ್ತು, 2006ರಲ್ಲಿ ಯು.ಟಿ.ಎಫ್.-8ರ ಹೆಸರುಗಳನ್ನು ಸೂಚಿಸುವ ಒಂದು ಗುರುತನ್ನು ಅದಕ್ಕೆ ಸೇರಿಸಿದರು. ಆ ಗುರುತನ್ನು ಹಾಕದ ಉಪಕರಣದಿಂದ ಕಟ್ಟಿದಾಗ ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಕಾಣುವುದುಂಟು. ಒಳಬರಹವು ಕ್ಷೇಮವಾಗಿರುತ್ತದೆ, ಹೆಸರು ಮಾತ್ರ ಕೆಟ್ಟಿರುತ್ತದೆ.

ಕುಗ್ಗಿಸುವ ಬಗೆ

ಜಿಪ್ ಸಾಮಾನ್ಯವಾಗಿ ಬಳಸುವ ಕುಗ್ಗಿಸುವ ವಿಧಾನದಲ್ಲಿ ಎರಡು ಹಂತಗಳಿವೆ. ಮೊದಲನೆಯದು ಲೆಂಪೆಲ್ ಮತ್ತು ಜಿವ್ ಎಂಬ ಇಬ್ಬರು ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ತತ್ತ್ವ. ಒಮ್ಮೆ ಬಂದ ಬೈಟುಗಳ ಸಾಲು ಪುನಃ ಬಂದರೆ ಅದನ್ನು ಮತ್ತೆ ಬರೆಯದೆ, 'ಇಷ್ಟು ಬೈಟು ಹಿಂದೆ ಹೋಗಿ, ಅಲ್ಲಿಂದ ಇಷ್ಟು ಬೈಟು ನಕಲು ಮಾಡು' ಎಂದು ಬರೆಯುವುದು. ಜಿಪ್‌ನಲ್ಲಿ 32,768 ಬೈಟುಗಳಷ್ಟು ಹಿಂದೆ ನೋಡಬಹುದು. ಒಮ್ಮೆಗೆ 3ರಿಂದ 258 ಬೈಟುಗಳವರೆಗೆ ನಕಲು ಮಾಡಬಹುದು. ಹಿಂದಿನ ಸಾಲನ್ನು ಬೇಗ ಹುಡುಕುವುದಕ್ಕೆ ಅಂಚೆ ಕಚೇರಿಯ ಗೂಡುಗಳಂಥ ವ್ಯವಸ್ಥೆಯಿದೆ. ಮೂರು ಬೈಟುಗಳಿಂದ ಒಂದು ಗೂಡಿನ ಸಂಖ್ಯೆಯನ್ನು ಲೆಕ್ಕಹಾಕಿ, ಆ ಮೂರು ಬೈಟು ಹಿಂದೆ ಎಲ್ಲಿ ಬಂದಿತ್ತೆಂಬುದನ್ನು ಅದೇ ಗೂಡಿನಲ್ಲಿ ಬರೆದಿಡುತ್ತಾರೆ. ಹುಡುಕುವಾಗ ಆ ಗೂಡೊಂದನ್ನು ನೋಡಿದರೆ ಸಾಕು.

ಎರಡನೆಯ ಹಂತ ಡೇವಿಡ್ ಹಫ್‌ಮನ್ ಅವರು 1952ರಲ್ಲಿ ಪ್ರಕಟಿಸಿದ್ದು. ಹೆಚ್ಚಾಗಿ ಬರುವ ಚಿಹ್ನೆಗೆ ಚಿಕ್ಕ ಸಂಕೇತ, ಅಪರೂಪದ ಚಿಹ್ನೆಗೆ ಉದ್ದ ಸಂಕೇತ. ಅತಿ ಕಡಿಮೆ ಬಾರಿ ಬರುವ ಎರಡನ್ನು ಜೋಡಿಸಿ ಒಂದು ಕೊಂಬೆ ಮಾಡುವುದು, ಮತ್ತೆ ಕಡಿಮೆಯಾದ ಎರಡನ್ನು ಜೋಡಿಸುವುದು. ಹೀಗೆ ಮಾಡುತ್ತ ಹೋದರೆ ಒಂದು ವೃಕ್ಷ ಸಿದ್ಧವಾಗುತ್ತದೆ. ಕನ್ನಡದ ಬರಹ ಮೂರು ಪಟ್ಟು ಜಾಗ ಹಿಡಿಯುತ್ತದೆಂದು ನೊಂದುಕೊಳ್ಳಬೇಕಾಗಿಲ್ಲ: ಪ್ರತಿ ಮೂರು ಬೈಟುಗಳಲ್ಲಿ ಮೊದಲ ಎರಡು ಬಹುತೇಕ ಒಂದೇ ಆಗಿರುವುದರಿಂದ ಕುಗ್ಗಿಸಿದಾಗ ಆ ನಷ್ಟದ ಬಹುಭಾಗ ತುಂಬಿಬರುತ್ತದೆ. ಆದರೆ ಫೋನಿನಲ್ಲಿ ತೆಗೆದ ಕ್ಷಕಿರಣದ ಚಿತ್ರಗಳು ಮೊದಲೇ ಕುಗ್ಗಿದ ಜೆಪೆಗ್ ರೂಪದಲ್ಲಿರುತ್ತವೆ. ಅವನ್ನು ಮತ್ತೆ ಕುಗ್ಗಿಸಿ ಪ್ರಯೋಜನವಿಲ್ಲ. ಅಂಥವನ್ನು ಇದ್ದಂತೆಯೇ ಇಡುವುದಕ್ಕೂ ವಿಧಾನದ ಅಂಕಣದಲ್ಲಿ ಅವಕಾಶವುಂಟು.

ಕಟ್ಟಿನ ಆರೋಗ್ಯ ಪರೀಕ್ಷೆ

ನಾಡಿ ಹಿಡಿದು ಜ್ವರವನ್ನು ತಿಳಿಯುವಂತೆ, ಕಡತ ಕೆಟ್ಟಿದೆಯೇ ಎಂದು ತಿಳಿಯಲು ಜಿಪ್‌ನಲ್ಲಿ 4 ಬೈಟುಗಳ ಒಂದು ಪರಿಶೀಲನ ಸಂಖ್ಯೆಯಿದೆ. ಕಟ್ಟುವಾಗ ಮೂಲ ಕಡತದಿಂದ ಅದನ್ನು ಲೆಕ್ಕಹಾಕಿ ಬರೆಯುತ್ತಾರೆ; ಬಿಚ್ಚುವಾಗ ಮತ್ತೆ ಲೆಕ್ಕಹಾಕಿ ತಾಳೆ ನೋಡುತ್ತಾರೆ. ಆಕಸ್ಮಿಕವಾಗಿ ಕೆಟ್ಟ ಕಡತವು ಈ ಪರೀಕ್ಷೆಯಲ್ಲಿ ನುಸುಳಿಕೊಳ್ಳುವ ಸಂಭವ ಸುಮಾರು 429 ಕೋಟಿಗೆ ಒಂದು. ಟಾರ್‌ನ ಮೊತ್ತವಾದರೋ ತಲೆಬರಹವನ್ನು ಮಾತ್ರ ಕಾಯುತ್ತದೆ, ಒಳಬರಹವನ್ನಲ್ಲ. ಆದರೆ ಪರೀಕ್ಷೆಯು ರೋಗವನ್ನು ತಿಳಿಸೀತೇ ಹೊರತು ಗುಣಪಡಿಸಲಾರದು. ಗುಣಪಡಿಸುವುದಕ್ಕೆ ಇನ್ನೊಂದು ಪ್ರತಿಯೇ ಮದ್ದು.

ಇಲ್ಲಿ ವಿನ್ಯಾಸಕಾರನಿಗೆ ಒಂದು ಧರ್ಮಸಂಕಟವಿದೆ. ಎಲ್ಲ ಕಡತಗಳನ್ನೂ ಒಂದೇ ಹರಿವಾಗಿ ಕುಗ್ಗಿಸಿದರೆ ಕಟ್ಟು ಚಿಕ್ಕದಾಗುತ್ತದೆ; ಟಾರ್ ಕಟ್ಟನ್ನು ಜಿಜಿಪ್ ಉಪಕರಣದಿಂದ ಕುಗ್ಗಿಸಿದಾಗ ಆಗುವುದು ಇದೇ. ಆದರೆ ನಡುವೆ ಒಂದು ಬೈಟು ಕೆಟ್ಟರೆ ಮುಂದಿನ ಕಡತಗಳೆಲ್ಲ ಕೈತಪ್ಪಿಹೋಗಬಹುದು. ಜಿಪ್‌ನಲ್ಲಿ ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಕುಗ್ಗಿಸುವುದರಿಂದ ಕಟ್ಟು ಸ್ವಲ್ಪ ದೊಡ್ಡದಾದರೂ ಕೇಡು ಒಂದೇ ಕಡತದಲ್ಲಿ ನಿಲ್ಲುತ್ತದೆ. ವೈದ್ಯಕೀಯ ದಾಖಲೆಗಳ ವಿಷಯದಲ್ಲಿ ಜಾಗದ ಉಳಿತಾಯಕ್ಕಿಂತ ಕ್ಷೇಮವೇ ಮೇಲು.

ಬಿಚ್ಚುವವನ ಎಚ್ಚರ

ಕಟ್ಟಿನೊಳಗೆ ಬರೆದ ಮಾತನ್ನು ಉಪಕರಣವು ಕುರುಡಾಗಿ ನಂಬಬಾರದು. ಕಡತದ ಹೆಸರಿನಲ್ಲಿ 'ಮೇಲಿನ ಕೋಶಕ್ಕೆ ಹೋಗು' ಎಂಬ ಎರಡು ಚುಕ್ಕೆಗಳ ಸಂಕೇತವನ್ನಡಗಿಸಿ ಬೇರೆಡೆಯ ಕಡತದ ಮೇಲೆ ಬರೆಯಿಸುವ ದುಷ್ಟರಿದ್ದಾರೆ. 42 ಕಿಲೋಬೈಟಿನ ಒಂದು ಕುಖ್ಯಾತ ಕಟ್ಟು, ಒಳಗೊಳಗೆ ಕಟ್ಟುಗಳನ್ನಿಟ್ಟುಕೊಂಡು, ಪೂರ್ತಿ ಬಿಚ್ಚಿದರೆ 4.5 ಪೆಟಾಬೈಟಾಗಿ ಉಬ್ಬುತ್ತದೆ. ಆದುದರಿಂದ ಒಳ್ಳೆಯ ಉಪಕರಣವು ಹೆಸರನ್ನು ಶೋಧಿಸಿ, ಅಳತೆಗೆ ಮಿತಿಯನ್ನಿಟ್ಟು ಬಿಚ್ಚುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ಜಿಪ್ ಕಟ್ಟಿಗೆ ಗುಪ್ತಪದವನ್ನು ಹಾಕಿದಾಗ ಸಾಮಾನ್ಯವಾಗಿ ಒಳಬರಹ ಮಾತ್ರ ಮುಚ್ಚಿಹೋಗುತ್ತದೆ. ಸೂಚಿಯಲ್ಲಿರುವ ಹೆಸರುಗಳು ಎಲ್ಲರಿಗೂ ಕಾಣುತ್ತಿರುತ್ತವೆ. ಕಡತದ ಹೆಸರೇ ರೋಗದ ಹೆಸರಾಗಿದ್ದರೆ ಗುಟ್ಟು ಉಳಿದಂತಾಗಲಿಲ್ಲ. 'ಸೆವೆನ್-ಜಿಪ್' ರಚನೆಯಲ್ಲಿ ಹೆಸರುಗಳನ್ನೂ ಮುಚ್ಚುವ ಅವಕಾಶವಿದೆ.

ಗೃಹಸ್ಥರಿಗೆ ಕೆಲವು ಸೂಚನೆಗಳು

1. ವರದಿಯ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಪರೀಕ್ಷೆಯ ದಿನಾಂಕವನ್ನು ಬರೆಯಿರಿ. ಕಟ್ಟಿನೊಳಗಿನ ದಿನಾಂಕವು ಕಡತ ಬದಲಾದ ದಿನವನ್ನು ಹೇಳುತ್ತದೆಯೇ ಹೊರತು ರಕ್ತ ತೆಗೆದ ದಿನವನ್ನಲ್ಲ.

2. ಕಟ್ಟಿದ ಕೂಡಲೇ ಉಪಕರಣದ ಪರೀಕ್ಷಾ ಆಜ್ಞೆಯಿಂದ ಕಟ್ಟನ್ನು ಪರಿಶೀಲಿಸಿ. ಆರು ತಿಂಗಳಿಗೊಮ್ಮೆ ಪುನಃ ನೋಡಿ. ಪರೀಕ್ಷಿಸುವ ಮುನ್ನ ಮೂಲ ಕಡತಗಳನ್ನು ಅಳಿಸಬೇಡಿ.

3. ಎರಡು ಪ್ರತಿಗಳನ್ನು ಎರಡು ಊರುಗಳಲ್ಲಿಡಿ. ಮಕ್ಕಳು ಬೇರೆ ಬೇರೆ ಊರುಗಳಲ್ಲಿರುವುದು ಈ ಒಂದು ವಿಷಯದಲ್ಲಿ ಅನುಕೂಲವೇ ಸರಿ.

4. ಗುಪ್ತಪದವನ್ನು ಹಾಕಿದರೆ ಮನೆಯ ಇನ್ನೊಬ್ಬರಿಗಾದರೂ ಅದು ತಿಳಿದಿರಲಿ. ತುರ್ತಿನ ವೇಳೆಯಲ್ಲಿ ಬಿಚ್ಚಲಾಗದ ಕಟ್ಟು ಇದ್ದೂ ಇಲ್ಲದಂತೆ.

5. ಬಹುಕಾಲ ಉಳಿಯಬೇಕಾದ ದಾಖಲೆಗೆ ಜಿಪ್, ಟಾರ್‌ಗಳಂತೆ ನಿಯಮಗಳು ಬಹಿರಂಗವಾಗಿ ಪ್ರಕಟವಾಗಿರುವ ರಚನೆಯನ್ನೇ ಆರಿಸಿ. ಅದನ್ನು ಕಟ್ಟಿದ ಉಪಕರಣ ಕಣ್ಮರೆಯಾದರೂ, ನಿಯಮವನ್ನು ಓದಿ ಮತ್ತೊಂದು ಉಪಕರಣವನ್ನು ಯಾರಾದರೂ ರಚಿಸಬಲ್ಲರು.