ಜೀಪಿನ ಮೇಲೊಂದು ಆಂಟೆನಾ – ಮೊಬೈಲ್ ಸತ್ತಾಗ ಮಾತಾಡುವ ಕಡ್ಡಿ



ಜೋರು ಮಳೆ. ಮೂರು ದಿನದಿಂದ ಕರೆಂಟಿಲ್ಲ. ಮೊದಲನೇ ದಿನ ಮೊಬೈಲ್ ಇತ್ತು. ಎರಡನೇ ದಿನ ಟವರಿನ ಬ್ಯಾಟರಿ ಮುಗಿಯಿತು, ಜನರೇಟರಿಗೆ ಡೀಸೆಲ್ ತರುವ ದಾರಿಯಲ್ಲಿ ಮರ ಬಿದ್ದಿದೆ. ಮೂರನೇ ದಿನ ರಾತ್ರಿ ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬಾಕೆಗೆ ಹೆರಿಗೆ ನೋವು ಶುರುವಾದರೆ ಯಾರಿಗೆ ಹೇಳುವುದು? ಹೇಗೆ ಹೇಳುವುದು?

ಇದು ಬರೀ ಕಲ್ಪನೆಯಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಜೋಡುಪಾಲ, ಮಕ್ಕಂದೂರು ಕಡೆಯ ಜನ ಇಂಥ ದಿನಗಳನ್ನು ಕಂಡರು. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್ ರೇಡಿಯೋ ಕೇಂದ್ರ ತೆರೆದು ಸುದ್ದಿ ಮುಟ್ಟಿಸಬೇಕಾಯಿತು. ಆದ್ದರಿಂದ ಈ ಸಲ ನಾವು ಹ್ಯಾಮ್ ರೇಡಿಯೋ ಬಗ್ಗೆ, ಅದರಲ್ಲೂ ಜೀಪಿನ ಮೇಲೆ ಅದರ ಆಂಟೆನಾ ಕೂರಿಸುವ ಬಗ್ಗೆ ತಿಳಿದುಕೊಳ್ಳೋಣ. "ಇದು ಗಂಡಸರ ಕೆಲಸ, ನಮಗ್ಯಾಕೆ?" ಅನ್ನಬೇಡಿ. ಓದಿ ನೋಡಿ, ಆಮೇಲೆ ಹೇಳಿ.

ಹ್ಯಾಮ್ ರೇಡಿಯೋ ಅಂದರೇನು?

ಟವರು, ಸಿಮ್ಮು, ಕರೆನ್ಸಿ ಯಾವುದೂ ಇಲ್ಲದೆ ಒಂದು ರೇಡಿಯೋದಿಂದ ಇನ್ನೊಂದು ರೇಡಿಯೋಗೆ ನೇರವಾಗಿ ಮಾತಾಡುವ ಹವ್ಯಾಸಕ್ಕೆ ಹ್ಯಾಮ್ ರೇಡಿಯೋ ಅನ್ನುತ್ತಾರೆ. ಬೇಕಾದದ್ದು ಮೂರೇ: ರೇಡಿಯೋ, 12 ವೋಲ್ಟಿನ ಬ್ಯಾಟರಿ, ಆಂಟೆನಾ. ಪರೀಕ್ಷೆ ಪಾಸು ಮಾಡಿ ಕೇಂದ್ರ ಸರಕಾರದ ಪರವಾನಗಿ ಪಡೆದವರು ಮಾತ್ರ ಇದರಲ್ಲಿ ಮಾತಾಡಬಹುದು. ಅಡಿಕೆ ರೇಟು ವಿಚಾರಿಸಲಿಕ್ಕೆ, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಆಪತ್ತಿನ ಸಮಯದಲ್ಲಿ ಮಾತ್ರ ಇದು ಊರಿಗೇ ಆಸರೆ.

ಹೆಂಗಸರು ಇದರಲ್ಲಿ ಹಿಂದೆ ಬಿದ್ದಿಲ್ಲ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು (ಈಗ ಅದರ ಹೆಸರು ಶ್ರೀ ವಿಜಯಪುರಂ). 26ನೇ ತಾರೀಖು ಸುನಾಮಿ ಬಂತು, ಫೋನುಗಳು ನಿಂತವು. ಆಕೆ ತನ್ನ ರೇಡಿಯೋದ ಮುಂದೆ ಕೂತು ದ್ವೀಪದ ಸುದ್ದಿಯನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದರು. ಎಷ್ಟೋ ಮನೆಗಳಿಗೆ "ನಿಮ್ಮವರು ಬದುಕಿದ್ದಾರೆ" ಎಂಬ ಮಾತು ಹೋದದ್ದು ಹಾಗೆ.

ಜೀಪಿಗೇ ಯಾಕೆ ಬೇಕು?

ಗುಡ್ಡ ಕುಸಿದ ದಾರಿಯಲ್ಲಿ ಹೋಗಬಲ್ಲದ್ದು ನಾಲ್ಕೂ ಚಕ್ರ ಎಳೆಯುವ ಜೀಪು ಮಾತ್ರ. ಅದರಲ್ಲೇ ಬ್ಯಾಟರಿ ಇದೆ, ಎಂಜಿನ್ ಓಡಿದರೆ ಚಾರ್ಜೂ ಆಗುತ್ತದೆ. ಆದರೆ ಜೀಪಿನೊಳಗೆ ಕೂತು ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನಲ್ಲಿ ಮಾತಾಡಿದರೆ ದೂರ ಕೇಳಿಸುವುದಿಲ್ಲ. ಸುತ್ತಲೂ ಇರುವ ಕಬ್ಬಿಣ ತರಂಗವನ್ನು ತಡೆಯುತ್ತದೆ. ಅದಕ್ಕೇ ಆಂಟೆನಾ ಹೊರಗೆ ಇರಬೇಕು. ರೇಡಿಯೋ ಎಷ್ಟೇ ದುಬಾರಿಯಾಗಿರಲಿ, ಆಂಟೆನಾ ಸರಿಯಾಗಿ ಕೂತಿಲ್ಲದಿದ್ದರೆ ಅದು ಮೂಗಿಯ ಹಾಗೆಯೇ.

ಯಾವ ಆಂಟೆನಾ ಆರಿಸಬೇಕು?

ಹತ್ತಿರದ ಊರುಗಳ ಮಾತಿಗೆ ನಮ್ಮ ದೇಶದ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್. ಇದಕ್ಕೆ ವಿ.ಎಚ್.ಎಫ್. ಅನ್ನುತ್ತಾರೆ. ಈ ತರಂಗದ ಉದ್ದ ಸುಮಾರು 2 ಮೀಟರ್. ಆಂಟೆನಾದ ಅಳತೆ ಬರುವುದು ಈ ಲೆಕ್ಕದಿಂದ.

1. ಕಾಲು ತರಂಗದ ಕಡ್ಡಿ: ಉದ್ದ ಸುಮಾರು 49 ಸೆಂಟಿಮೀಟರ್. ಎಲ್ಲಕ್ಕಿಂತ ಸರಳ, ಅಗ್ಗ. ಲಾಟೀನಿನ ಬೆಳಕಿನ ಹಾಗೆ ಸುತ್ತಲೂ, ಸ್ವಲ್ಪ ಮೇಲಕ್ಕೂ ತರಂಗ ಹರಡುತ್ತದೆ. ಕಣಿವೆಯಲ್ಲಿ ನಿಂತು ಬೆಟ್ಟದ ತುದಿಯಲ್ಲಿರುವ ರಿಪೀಟರಿಗೆ ಮಾತು ಮುಟ್ಟಿಸಲು ಇದೇ ಒಳ್ಳೆಯದು. ರಿಪೀಟರ್ ಅಂದರೆ ನಮ್ಮ ಮಾತನ್ನು ಹಿಡಿದು ಜೋರಾಗಿ ಮತ್ತೆ ಕಳಿಸುವ ಯಂತ್ರ.

2. ಎಂಟನೇ ಐದು ತರಂಗದ ಕಡ್ಡಿ: ಸುಮಾರು 1.25 ಮೀಟರ್ ಉದ್ದ, ಬುಡದಲ್ಲಿ ಸುರುಳಿ ಇರುತ್ತದೆ. ಇದು ಟಾರ್ಚಿನ ಹಾಗೆ, ಬೆಳಕನ್ನು ಅಡ್ಡಕ್ಕೆ ಹೆಚ್ಚು ಚೆಲ್ಲುತ್ತದೆ. ಬಯಲು ಸೀಮೆಗೆ ಚೆನ್ನ. ಆದರೆ ಕಾಫಿ ತೋಟ, ಅಡಿಕೆ ತೋಟದ ದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

3. ಅರ್ಧ ತರಂಗದ ಕಡ್ಡಿ: ಸುಮಾರು 1 ಮೀಟರ್. ಇದರ ಕೆಳಗೆ ಕಬ್ಬಿಣದ ಹಾಸು ಇಲ್ಲದಿದ್ದರೂ ನಡೆಯುತ್ತದೆ. ಟಾರ್ಪಾಲಿನ ಹುಡ್ ಇರುವ ಜೀಪಿಗೆ ಅನುಕೂಲ.

ಅಂಗಡಿಯವರು "ಉದ್ದ ಇದ್ದಷ್ಟೂ ಒಳ್ಳೇದು" ಅಂದರೆ ನಂಬಬೇಡಿ. ನಮ್ಮ ದಾರಿ ಯಾವುದು, ಮಾತಾಡಬೇಕಾದವರು ಬೆಟ್ಟದ ಮೇಲಿದ್ದಾರೋ ಬಯಲಿನಲ್ಲಿದ್ದಾರೋ ಅಂತ ಮೊದಲು ಯೋಚಿಸಬೇಕು.

ಎಲ್ಲಿ ಕೂರಿಸಬೇಕು?

ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅಲ್ವಾ? ಕಾಲು ತರಂಗದ ಕಡ್ಡಿ ಒಂದು ಕೈಯಾದರೆ, ಅದರ ಕೆಳಗಿನ ಕಬ್ಬಿಣದ ತಗಡು ಇನ್ನೊಂದು ಕೈ. ಸುತ್ತಲೂ ಅರ್ಧ ಮೀಟರಿನಷ್ಟಾದರೂ ತಗಡು ಇರಬೇಕು. ಆದ್ದರಿಂದ ಬೊಲೆರೊ ತರಹದ ಕಬ್ಬಿಣದ ಚಾವಣಿಯ ಗಾಡಿಯಲ್ಲಿ ಚಾವಣಿಯ ನಡುಮಧ್ಯವೇ ಉತ್ತಮ ಜಾಗ. ಎತ್ತರವೂ ಸಿಗುತ್ತದೆ, ನಾಲ್ಕೂ ದಿಕ್ಕಿಗೆ ಮಾತು ಒಂದೇ ಸಮ ಹೋಗುತ್ತದೆ.

ಟಾರ್ಪಾಲಿನ ಜೀಪಿನಲ್ಲಿ ಚಾವಣಿಯೇ ಇಲ್ಲ. ಅಲ್ಲಿ ಬಾನೆಟ್ಟಿನ ಮೂಲೆಗೆ ಕಬ್ಬಿಣದ ಬ್ರಾಕೆಟ್ ಬೋಲ್ಟ್ ಮಾಡಿ ಕಡ್ಡಿ ನಿಲ್ಲಿಸಬಹುದು. ಮೂಲೆಯಲ್ಲಿಟ್ಟರೆ ಗಾಡಿಯ ಮೈ ಯಾವ ಕಡೆಗಿದೆಯೋ ಆ ಕಡೆಗೆ ಮಾತು ಹೆಚ್ಚು ಹೋಗುತ್ತದೆ. ಕೇಳಿಸದಿದ್ದರೆ ಗಾಡಿ ತಿರುಗಿಸಿ ನಿಲ್ಲಿಸಿ ನೋಡಬೇಕು. ಹಿಂದಿನ ಬಂಪರ್ ಕೊನೆಯ ಆಯ್ಕೆ. ಅಲ್ಲಿ ಕಡ್ಡಿ ತಗ್ಗಿನಲ್ಲಿರುತ್ತದೆ, ಗಾಡಿಯೇ ಅಡ್ಡ ಬರುತ್ತದೆ.

ಅಯಸ್ಕಾಂತದ ಬುಡವೋ, ಬೋಲ್ಟೋ?

ಅಯಸ್ಕಾಂತದ ಬುಡವನ್ನು ಚಾವಣಿ ಮೇಲೆ ಇಟ್ಟರೆ ಮುಗಿಯಿತು, ತೂತು ಕೊರೆಯಬೇಕಿಲ್ಲ. ಬಾಡಿಗೆ ಗಾಡಿಗೆ ಒಳ್ಳೆಯದು. ಆದರೆ ಅಲ್ಯೂಮಿನಿಯಂಗೆ, ಫೈಬರಿಗೆ ಅದು ಅಂಟುವುದಿಲ್ಲ. ನಾವು ಮೊದಲ ಸಲ ಹೀಗೇ ಇಟ್ಟುಕೊಂಡು ತೋಟದ ದಾರಿಯಲ್ಲಿ ಹೊರಟೆವು. ಎರಡನೇ ತಿರುವಿನಲ್ಲೇ ಸಿಲ್ವರ್ ಓಕ್ ಕೊಂಬೆ ಅದನ್ನು ಕಿತ್ತು ಬಿಸಾಡಿತು. ಕಾಡುದಾರಿಗೆ ಬೋಲ್ಟೇ ಸರಿ. ಜೊತೆಗೆ ಕಡ್ಡಿಯ ಬುಡದಲ್ಲಿ ಸ್ಪ್ರಿಂಗ್ ಇದ್ದರೆ ಕೊಂಬೆ ತಾಗಿದಾಗ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ಒಂದು ರೂಪಾಯಿ ಅಗಲದ ಪಾಠ

ಎರಡನೇ ಸಲ ನಾವು ಬಾನೆಟ್ ಮೂಲೆಗೆ ಬ್ರಾಕೆಟ್ ಬಿಗಿದೆವು. ನೋಡಲು ಗಟ್ಟಿಮುಟ್ಟಾಗಿತ್ತು. ಆದರೆ ಗುಡ್ಡದ ಕೆಳಗಿನ ಕೇರಿಯಿಂದ ಕರೆದರೆ ಯಾರಿಗೂ ಕೇಳಿಸುತ್ತಿಲ್ಲ. ಎಸ್.ಡಬ್ಲ್ಯು.ಆರ್. ಮೀಟರ್ ಎಂಬ ಸಣ್ಣ ಉಪಕರಣ ಇಟ್ಟು ನೋಡಿದೆವು. ಮುಳ್ಳು 3 ದಾಟಿತ್ತು. ಕೇಬಲ್ ಬದಲಾಯಿಸಿದೆವು, ಕಡ್ಡಿ ಬದಲಾಯಿಸಿದೆವು. ಏನೂ ಆಗಲಿಲ್ಲ. ಆಗ ನಮ್ಮ ಜೊತೆಗಿದ್ದ ಸಂಘದ ಪ್ರತಿನಿಧಿ ಅಕ್ಕ ಕೇಳಿದರು: "ಅಲ್ಲಾ, ಪೇಂಟ್ ಮೇಲೇನೇ ಬೋಲ್ಟ್ ಹಾಕಿದ್ದೀರಲ್ಲ, ಕರೆಂಟ್ ಹೆಂಗೆ ದಾಟುತ್ತೆ?" ಮನೆಯ ಪಂಪಿನ ಸ್ಟಾರ್ಟರ್ ಬಿಚ್ಚಿ ತುಕ್ಕು ಒರೆಸಿ ಗೊತ್ತಿದ್ದವರು ಅವರು. ಬ್ರಾಕೆಟ್ ಬಿಚ್ಚಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ತಾಗುವಂತೆ ಮತ್ತೆ ಬಿಗಿದೆವು. ಮುಳ್ಳು 1.4ಕ್ಕೆ ಇಳಿಯಿತು. ಅದೇ ಕೇರಿಯಿಂದ ಕರೆದರೆ ತಕ್ಷಣ ಉತ್ತರ ಬಂತು.

ಮೀಟರಿನ ಲೆಕ್ಕ ನಮ್ಮ ಸಂಘದ ಲೆಕ್ಕದ ಹಾಗೇ. 3 ತೋರಿಸಿದರೆ ರೇಡಿಯೋ ಕಳಿಸಿದ ರೂಪಾಯಿಯಲ್ಲಿ ನಾಲ್ಕಾಣೆ ಆಂಟೆನಾದಿಂದ ವಾಪಸ್ ಬರುತ್ತಿದೆ ಎಂದರ್ಥ. ಇದರಿಂದ ರೇಡಿಯೋ ಬಿಸಿಯಾಗಿ ಕೆಡಲೂಬಹುದು. 2 ಇದ್ದರೆ ಹನ್ನೊಂದು ಪೈಸೆ. 1.5 ಇದ್ದರೆ ನಾಲ್ಕೇ ಪೈಸೆ. 1.5ರೊಳಗೆ ಬಂದರೆ ಸಮಾಧಾನಪಡಿ. 3 ದಾಟಿದರೆ ಮಾತು ನಿಲ್ಲಿಸಿ, ತಪ್ಪು ಹುಡುಕಿ.

ಕಡ್ಡಿಯ ಉದ್ದ ಸರಿಮಾಡುವಾಗ ಬ್ಲೌಸ್ ಹೊಲಿಯುವಾಗಿನ ಬುದ್ಧಿ ಇರಲಿ. ಮೊದಲು ಸ್ವಲ್ಪ ಉದ್ದವೇ ಇಟ್ಟುಕೊಳ್ಳಿ. 144ರಲ್ಲಿ ಮೀಟರ್ ಕಡಿಮೆ ತೋರಿಸಿ 146ರಲ್ಲಿ ಹೆಚ್ಚು ತೋರಿಸಿದರೆ ಕಡ್ಡಿ ಉದ್ದವಾಗಿದೆ. ಒಂದು ಸಲಕ್ಕೆ 2 ಮಿಲಿಮೀಟರ್ ಮಾತ್ರ ಕತ್ತರಿಸಿ ನೋಡುತ್ತಾ ಹೋಗಿ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಿಕ್ಕಾಗಲ್ಲ.

ಕೇಬಲ್, ನೀರು, ಬ್ಯಾಟರಿ

• ಕೇಬಲ್ 50 ಓಮಿನದೇ ಆಗಬೇಕು. ಮನೆಯ ಡಿಶ್ ಕೇಬಲ್ 75 ಓಮಿನದು, ಅದನ್ನು ಹಾಕಬೇಡಿ.
• ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗದಂತೆ ನೋಡಿ. ಒಳಗೆ ಬರುವ ಮುಂಚೆ ಕೇಬಲನ್ನು ಸ್ವಲ್ಪ ಕೆಳಕ್ಕೆ ಜೋಲು ಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.
• ಹೊರಗಿನ ಜೋಡಣೆಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಒಳಗೆ ನೀರು ಹೋದರೆ ಆ ಕೇಬಲ್ ಕೆಟ್ಟಂತೆಯೇ. ಬಣ್ಣ ಕೆರೆದ ಜಾಗದ ಸುತ್ತಲೂ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ.
• ರೇಡಿಯೋದ ವೈರನ್ನು ಸಿಗರೇಟ್ ಲೈಟರಿನ ತೂತಿನಿಂದ ಎಳೆಯಬೇಡಿ, ನೇರ ಬ್ಯಾಟರಿಯಿಂದಲೇ ತನ್ನಿ. ಕೆಂಪು ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಫ್ಯೂಸ್ ಇಲ್ಲದ ವೈರು ತಿಕ್ಕಿ ಸವೆದರೆ ಗಾಡಿಗೇ ಬೆಂಕಿ ಬೀಳಬಹುದು.
• ಮಾತಾಡುತ್ತಿರುವಾಗ ಕಡ್ಡಿಯನ್ನು ಮುಟ್ಟಬಾರದು, ಮಕ್ಕಳನ್ನು ದೂರ ಇಡಿ. ಜೋತುಬಿದ್ದ ಕರೆಂಟ್ ತಂತಿಯ ಕೆಳಗೆ ಗಾಡಿ ಒಯ್ಯಬೇಡಿ. ಗುಡುಗು ಸಿಡಿಲಿದ್ದರೆ ಬಳಕೆ ನಿಲ್ಲಿಸಿ.

ಗುಡ್ಡವೇ ಅಡ್ಡ ಬಂದರೆ?

ವಿ.ಎಚ್.ಎಫ್. ತರಂಗ ದೊಡ್ಡ ಗುಡ್ಡವನ್ನು ದಾಟುವುದಿಲ್ಲ. ಹತ್ತಿರ ರಿಪೀಟರ್ ಇಲ್ಲದಿದ್ದರೆ 7 ಮೆಗಾಹರ್ಟ್ಸ್‌ನ ಎಚ್.ಎಫ್. ರೇಡಿಯೋ ಬೇಕು. ಹಗಲಲ್ಲಿ ಅದರ ತರಂಗ ಆಕಾಶಕ್ಕೆ ಏರಿ, ಮೇಲಿನ ಪದರಕ್ಕೆ ತಾಗಿ, ಗುಡ್ಡದ ಆಚೆ ಇಳಿಯುತ್ತದೆ. ಆದರೆ ಇದರ ಕಾಲು ತರಂಗವೇ 10 ಮೀಟರಿಗಿಂತ ಹೆಚ್ಚು. ಜೀಪಿನ ಮೇಲೆ ನಿಲ್ಲುವುದಿಲ್ಲ. ಸುರುಳಿ ಹಾಕಿ ಗಿಡ್ಡ ಮಾಡಿದ ಕಡ್ಡಿಗಳು ಸಿಗುತ್ತವೆ, ಅವುಗಳಲ್ಲಿ ಶಕ್ತಿಯ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಓಡುತ್ತಿರುವಾಗ ಅದು ಅನಿವಾರ್ಯ. ನಿಲ್ಲಿಸಿದಾಗ ಮಾತ್ರ ಬೇರೆ ಉಪಾಯವಿದೆ: 10 ಮೀಟರಿನ ಎರಡು ತಂತಿ ತೆಗೆದುಕೊಂಡು, ಎರಡರ ನಡುವೆ ಕೇಬಲ್ ಜೋಡಿಸಿ, ಎರಡು ಮರಗಳ ಮಧ್ಯೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಕಟ್ಟಿ. ತೆಂಗಿನ ಮರದಷ್ಟು ಎತ್ತರ ಬೇಕಿಲ್ಲ. ನಾಲ್ಕೈದು ಮೀಟರ್ ಸಾಕು. ಆದ್ದರಿಂದ ಜೀಪಿನಲ್ಲಿ ಈ ತಂತಿ, ಹಗ್ಗ ಯಾವಾಗಲೂ ಇರಲಿ.

ನಾವು ಮಾಡಬಹುದಾದದ್ದು

ಮುಂದಿನ ವಾರದ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ:

1. ಮಳೆಗಾಲದಲ್ಲಿ ನಮ್ಮ ಊರಿಗೆ ಬರಬಲ್ಲ ಜೀಪು ಯಾರ ಹತ್ತಿರ ಇದೆ?
2. ನಮ್ಮ ತಾಲ್ಲೂಕಿನಲ್ಲಿ ಹ್ಯಾಮ್ ಪರವಾನಗಿ ಇರುವವರು ಯಾರು? ನಮ್ಮ ಸಂಘದಲ್ಲಿ, ನಮ್ಮ ಹೆಣ್ಣುಮಕ್ಕಳಲ್ಲಿ ಯಾರು ಪರೀಕ್ಷೆ ಬರೆಯಬಹುದು?
3. ಆಪತ್ತು ಬಂದರೆ ಅವರ ಕೈಯಲ್ಲಿ ಹೇಳಿಸಬೇಕಾದ ಮಾತು ಯಾವುದು? ಯಾರಿಗೆ, ಎಲ್ಲಿ, ಎಷ್ಟು ಜನ, ಏನು ಬೇಕು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಲು ಕಲಿತಿದ್ದೇವೆಯೇ?

ಮಳೆ ಹಿಡಿಯುವ ಮುಂಚೆ ಮನೆಯ ಹೆಂಚು ಕೈಯಾಡಿಸುತ್ತೇವೆ, ಕಟ್ಟಿಗೆ ಒಳಗಿಡುತ್ತೇವೆ. ಹಾಗೆಯೇ ಮೇ ತಿಂಗಳಲ್ಲೊಮ್ಮೆ ಆ ಜೀಪಿನ ಬ್ರಾಕೆಟ್ ಬಿಚ್ಚಿ, ತುಕ್ಕು ಕೆರೆದು, ಬಿಗಿದು, ಊರಿನ ಅತಿ ಕೆಳಗಿನ ಮನೆಯಂಗಳದಿಂದ ಒಂದು ಸಲ ಕರೆದು ನೋಡಿಸಿ. ಅಲ್ಲಿಂದ ಉತ್ತರ ಬಂದರೆ ಆ ಸಲದ ಮಳೆಗಾಲಕ್ಕೆ ನಮ್ಮ ತಯಾರಿ ಆದಂತೆ.